ನೆಲ ಡೊಂಕು, ಆರೂವರೆ ಡಿಗ್ರಿ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ತಲೆತಲಾಂತರದಿಂದ ನಾವೆಲ್ಲ ಆ ಹೆಣ್ಣುಮಗಳನ್ನು ಆಡಿಕೊಂಡು ನಗುತ್ತ ಬಂದಿದ್ದೇವೆ. ಕೋನಪ್ಪ ಮಾತ್ರ ಅವಳ ಪರ. ಅವನು ಆಡುವ ಆಟದಲ್ಲಿ ನೆಲ ನಿಜಕ್ಕೂ ಡೊಂಕು; ಡೊಂಕಿಲ್ಲದಿದ್ದರೆ ಆಟವೇ ಇಲ್ಲ. ಪಿನ್‌ಬಾಲ್ ಯಂತ್ರದ ಹಲಗೆಯನ್ನು ಆಡುವವನ ಕಡೆಗೆ ಸುಮಾರು 6.5 ಡಿಗ್ರಿ ಇಳಿಜಾರಾಗಿ ಕೂರಿಸಿರುತ್ತಾರೆ. 27 ಮಿಲಿಮೀಟರ್ ದಪ್ಪದ, 80 ಗ್ರಾಂ ತೂಗುವ ಉಕ್ಕಿನ ಗುಂಡು ಅದರ ಮೇಲೆ ಅಲ್ಲಿ ಇಲ್ಲಿ ಬಡಿದುಕೊಂಡು ಕೆಳಗಿಳಿಯುತ್ತದೆ. ಕೆಳಗಿನ ಸಂದಿಯಲ್ಲಿ ಬಿದ್ದುಹೋಗುವ ಮೊದಲು ಎರಡು ಫ್ಲಿಪ್ಪರ್‌ಗಳಿಂದ, ಅಂದರೆ ಗುಂಡಿ ಒತ್ತಿದರೆ ಏಳುವ ಪುಟ್ಟ ತೋಳುಗಳಿಂದ, ಅದನ್ನು ಬಡಿದು ಮತ್ತೆ ಮೇಲಕ್ಕೆ ಅಟ್ಟಬೇಕು. 1947ರಲ್ಲಿ ಷಿಕಾಗೋದ ಗಾಟ್ಲೀಬ್ ಕಂಪನಿ ತನ್ನ ‘ಹಂಪ್ಟಿ ಡಂಪ್ಟಿ’ ಯಂತ್ರಕ್ಕೆ ಫ್ಲಿಪ್ಪರ್ ಜೋಡಿಸಿದಂದಿನಿಂದ ಆಟ ಇಷ್ಟೇ.

ಅಸಲಿ ಯಂತ್ರದ ಮುಂದೆ ಎಲ್ಲಿ ನಿಲ್ಲಬೇಕು ಅಂತ ಯಾರೂ ಕೇಳುವುದಿಲ್ಲ. ಗುಂಡಿಗಳು ಎರಡು ಪಕ್ಕದಲ್ಲಿವೆ, ಕೈ ಅಲ್ಲಿಗೆ ಹೋದರೆ ಹೊಟ್ಟೆ ತಾನಾಗಿ ನಡುವೆ ಬಂದು ನಿಲ್ಲುತ್ತದೆ. ಅದೇ ಯಂತ್ರ ಕಂಪ್ಯೂಟರ್ ಪರದೆಗೆ ಬಂದಾಗ ಮಾತ್ರ ಪೇಚಾಟ ಶುರುವಾಯಿತು. ಪರದೆಯೊಳಗೆ ನಮಗೆ ಕಾಲಿಲ್ಲ, ಹೊಟ್ಟೆಯೂ ಇಲ್ಲ. ಕಣ್ಣು ಎಲ್ಲಿರಬೇಕೆಂದು ಯಾರಾದರೂ ತೀರ್ಮಾನ ಮಾಡಲೇಬೇಕು. ಕೋನಪ್ಪ ಆ ತೀರ್ಮಾನ ಮಾಡುತ್ತಿದ್ದಾನೆ. ಇನ್ನೂ ಮಾಡುತ್ತಿದ್ದಾನೆ.

ಕೋನಪ್ಪ ಎಂಬುದು ಸ್ನೇಹಿತರು ಇಟ್ಟ ಹೆಸರು. ನಲವತ್ತು ದಾಟಿದೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕನಕಪುರ ರಸ್ತೆಯಲ್ಲಿ ಫ್ಲ್ಯಾಟು. ನಿಮ್ಮ ಆಫೀಸಿನಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಬೇರೆ ಹೆಸರಿನಲ್ಲಿ, ಬೇರೆ ಚಟದಲ್ಲಿ. ಸಿನಿಮಾಕ್ಕೆ ಹೋದರೆ ಜಾಹೀರಾತು ಮುಗಿಯುವವರೆಗೂ ಕುರ್ಚಿ ಬದಲಿಸುತ್ತಿರುತ್ತಾನೆ. ಗೃಹಪ್ರವೇಶದಲ್ಲಿ ಹಾಲು ಉಕ್ಕುವ ಫೋಟೋ ತೆಗೆಯಲು ನಿಂತನೆಂದರೆ, ಹಾಲು ಉಕ್ಕಿ, ಒಲೆ ಆರಿ, ಪುರೋಹಿತರು ದಕ್ಷಿಣೆ ಎಣಿಸಿಕೊಂಡಾದ ಮೇಲೆ, “ಹಾಂ, ಈಗ ಬೆಳಕು ಸರಿಹೋಯ್ತು, ಎಲ್ಲಿ, ಇನ್ನೊಂದ್ಸಲ ಉಕ್ಸಿ” ಅನ್ನುತ್ತಾನೆ.

ಹುಟ್ಟಿನಿಂದ ಇವನು ಹೀಗಿರಲಿಲ್ಲ ಎಂದು ಅವನ ಹಾಸ್ಟೆಲ್ ಗೆಳೆಯರು ಸಾಕ್ಷಿ ಹೇಳುತ್ತಾರೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಾಲೇಜು ಲ್ಯಾಬುಗಳಲ್ಲಿ, ಸೈಬರ್ ಕೆಫೆಗಳಲ್ಲಿ ‘ಸ್ಪೇಸ್ ಕೆಡೆಟ್’ ಎಂಬ ಪಿನ್‌ಬಾಲ್ ಇರುತ್ತಿತ್ತಲ್ಲ, ಆಗ ಅವನು ಆಡುತ್ತಿದ್ದದ್ದು ಅದನ್ನು. 1995ರಲ್ಲಿ ವಿಂಡೋಸ್ 95ರ ‘ಪ್ಲಸ್!’ ಕಟ್ಟಿನಲ್ಲಿ ಬಂದು, ಆಮೇಲೆ ಎಕ್ಸ್‌ಪಿವರೆಗೂ ಪುಕ್ಕಟೆ ಸಿಗುತ್ತಿದ್ದ ಆಟ. ಎಡಗಡೆ ಮೇಜು, ಬಲಗಡೆ ಅಂಕ. ನೋಡುವ ಕೋನ ಒಂದೇ. ಇಷ್ಟವಿದ್ದರೆ ಆಡು, ಇಲ್ಲದಿದ್ದರೆ ಸಾಲಿಟೇರ್ ಇದೆ. ಝಡ್ ಕೀಲಿ ಒಂದು ಫ್ಲಿಪ್ಪರಿಗೆ, ಓರೆಗೆರೆ ಕೀಲಿ ಇನ್ನೊಂದಕ್ಕೆ. ಲ್ಯಾಬಿನ ಕೀಬೋರ್ಡುಗಳಲ್ಲಿ ಈ ಎರಡು ಅಕ್ಷರ ಮಾತ್ರ ಸವೆದಿರುತ್ತಿದ್ದವು. ಆ ಆಟದಲ್ಲಿ ಕೋನಪ್ಪ ಕೆಡೆಟ್ ಹುದ್ದೆಯಿಂದ ಮೇಲೇರುತ್ತ ಏರುತ್ತ ಕಟ್ಟಕಡೆಯ ಫ್ಲೀಟ್ ಅಡ್ಮಿರಲ್ ಪದವಿ ತಲುಪಿದ್ದನಂತೆ. ಆಮೇಲೆ ಬಂದ ವಿಸ್ತಾದಲ್ಲಿ ಆ ಆಟವೇ ಮಾಯವಾಯಿತು. 64 ಬಿಟ್‌ಗೆ ಒಗ್ಗಿಸಹೊರಟಾಗ ಗುಂಡು ಗಟ್ಟಿ ವಸ್ತುಗಳ ಮೂಲಕವೇ ತೂರಿಹೋಗುತ್ತಿತ್ತು, ಕಾರಣ ಪತ್ತೆಯಾಗದೆ ಆಟವನ್ನೇ ಕೈಬಿಟ್ಟೆವು ಎಂದು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ ಆಮೇಲೆ ಬರೆದರು. ಕೋನಪ್ಪನ ಅಡ್ಮಿರಲ್‌ಗಿರಿಯೂ ಅಲ್ಲಿಗೆ ಮುಗಿಯಿತು.

ಅವನನ್ನು ಕೆಡಿಸಿದ್ದು ಆಯ್ಕೆ. ಬುಡಾಪೆಸ್ಟ್‌ನ ಜೆನ್ ಸ್ಟುಡಿಯೋಸ್‌ನವರು 2007ರಲ್ಲಿ ‘ಪಿನ್‌ಬಾಲ್ ಎಫ್ಎಕ್ಸ್’ ತಂದರು, ಅದರ ಬೆನ್ನಿಗೆ ಎರಡು, ಮೂರು ಎಂದು ಮುಂದಿನ ಕಂತುಗಳೂ ಬಂದವು. ಅವುಗಳಲ್ಲಿ ಒಂದು ಗುಂಡಿ ಒತ್ತಿದರೆ ಕ್ಯಾಮೆರಾ ಜಾಗ ಬದಲಾಗುತ್ತದೆ. ಇನ್ನೊಮ್ಮೆ ಒತ್ತಿದರೆ ಇನ್ನೊಂದು ಜಾಗ. ಉಳಿದವರು ಎರಡು ಸಲ ಒತ್ತಿ, ಹಿಡಿಸಿದ್ದನ್ನು ಇಟ್ಟುಕೊಂಡು ಆಡಲು ಹೋದರು. ಕೋನಪ್ಪ ಒತ್ತುತ್ತಲೇ ಇದ್ದ.

ಹಾಗೆಂದು ಅವನನ್ನು ಹುಚ್ಚನೆಂದು ತಳ್ಳಿಹಾಕುವಂತಿಲ್ಲ. ತಮಾಷೆಯೆಂದರೆ ಅವನು ಹೇಳುವುದೆಲ್ಲ ಸರಿ. ಪಿನ್‌ಬಾಲ್ ಹಲಗೆಯ ಅಗಲ ಇಪ್ಪತ್ತು ಇಂಚಿನ ಆಸುಪಾಸು, ಉದ್ದ ಅದರ ಎರಡರಷ್ಟು. ಟಿವಿ, ಮಾನಿಟರುಗಳು ಇದಕ್ಕೆ ತದ್ವಿರುದ್ಧ, ಅಡ್ಡಕ್ಕೆ 16, ಉದ್ದಕ್ಕೆ 9. ಉದ್ದನೆಯ ಮೇಜನ್ನು ಅಡ್ಡ ಪರದೆಯಲ್ಲಿ ಪೂರ್ತಿ ತೋರಿಸಹೊರಟರೆ ಎರಡೂ ಪಕ್ಕ ಬರಿದು, ನಡುವೆ ಬಡಕಲು ಮೇಜು. ಪರದೆ ತುಂಬ ದೊಡ್ಡದಾಗಿ ತೋರಿಸಿದರೆ ಅರ್ಧ ಮೇಜು ಕಾಣುವುದೇ ಇಲ್ಲ. ಆಗ ಕ್ಯಾಮೆರಾ ಗುಂಡಿನ ಹಿಂದೆಯೇ ಓಡಾಡಬೇಕು. 1992ರ ‘ಪಿನ್‌ಬಾಲ್ ಡ್ರೀಮ್ಸ್’ ಕಾಲದಿಂದಲೂ ಇರುವ ಉಪಾಯ ಅದು: ಗುಂಡು ಮೇಲೆ ಹೋದರೆ ಪರದೆಯೂ ಮೇಲಕ್ಕೆ. ಕೋನಪ್ಪನಿಗೆ ಇದನ್ನು ಕಂಡರಾಗದು. “ಬಾಲ್ ಮೇಲಿದ್ದಾಗ ನನ್ನ ಫ್ಲಿಪ್ಪರ್ ಎಲ್ಲಿದೆ ಅಂತ ನಂಗೇ ಗೊತ್ತಿರಲ್ಲ. ಮಲ್ಟಿಬಾಲ್ ಬಂತು ಅನ್ಕೋ. ಮೂರು ಬಾಲು, ಒಂದು ಕ್ಯಾಮೆರಾ. ಯಾರ ಹಿಂದೆ ಹೋಗುತ್ತೆ ಅದು?” ಎಂದು ನಮ್ಮನ್ನೇ ಕೇಳುತ್ತಾನೆ, ನಾವೇನೋ ಉತ್ತರ ಬಚ್ಚಿಟ್ಟುಕೊಂಡವರ ಹಾಗೆ.

ಸರಿ, ಕ್ಯಾಮೆರಾ ಒಂದೇ ಕಡೆ ನಿಲ್ಲಲಿ. ಆದರೆ ಎಷ್ಟು ಎತ್ತರದಲ್ಲಿ? ಕೆಳಗಿಳಿಸಿದರೆ ಹತ್ತಿರದ ಫ್ಲಿಪ್ಪರ್‌ಗಳು ಒನಕೆಯಷ್ಟು ದಪ್ಪ ಕಾಣುತ್ತವೆ, ಆಚೆ ತುದಿಯ ಗುರಿಗಳೆಲ್ಲ ಒಂದರ ಮೇಲೊಂದು ಒತ್ತರಿಸಿಕೊಂಡು ಯಾವುದು ಯಾವುದೆಂದು ತಿಳಿಯುವುದಿಲ್ಲ. ಮೇಲೇರಿಸಿದರೆ ಅಳತೆಗಳೆಲ್ಲ ನೇರವಾಗುತ್ತವೆ, ಗುರಿ ಸ್ಪಷ್ಟ. ಆದರೆ ಎತ್ತರ ತಗ್ಗು ಮಾಯವಾಗಿ, ಗುಂಡು ರ‍್ಯಾಂಪಿನ ಮೇಲೆ ಹತ್ತಿತೋ ಅದರ ಕೆಳಗೆ ನುಸುಳಿತೋ ಗೊತ್ತಾಗದು. ವಿಲಿಯಮ್ಸ್ ಕಂಪನಿಯ 1997ರ ‘ಮೆಡೀವಲ್ ಮ್ಯಾಡ್‌ನೆಸ್’ ಯಂತ್ರದಲ್ಲಿ ಆಚೆ ತುದಿಯಲ್ಲೊಂದು ಕೋಟೆ ಇದೆ. ಹೊಡೆದು ಹೊಡೆದು ಬಾಗಿಲು ಕೆಡವಿ, ಕೋಟೆಯನ್ನೇ ಉರುಳಿಸಬೇಕು. ಕ್ಯಾಮೆರಾ ಕೆಳಗಿದ್ದರೆ ಕೋಟೆ ಗಂಭೀರವಾಗಿ ಕಾಣುತ್ತದೆ, ಹೊಡೆತ ತಪ್ಪುತ್ತದೆ. ಮೇಲಿದ್ದರೆ ಹೊಡೆತ ಕೂರುತ್ತದೆ, ಕೋಟೆ ಹೋಗಿ ಬರೀ ಚಾವಣಿ. ಈ ಧರ್ಮಸಂಕಟದಲ್ಲಿ ಕೋನಪ್ಪ ಆ ಕೋಟೆಯನ್ನು ಎಲ್ಲ ಎತ್ತರದಿಂದಲೂ ನೋಡಿದ. ಉರುಳಿಸಿದ್ದು ರಜಕ್ಕೆ ಬಂದಿದ್ದ ಅಕ್ಕನ ಮಗ. ಅದೂ ಮಾವ ಕಾಫಿಗೆ ಎದ್ದುಹೋದ ಸಮಯದಲ್ಲಿ.

“ಯಾವ ವ್ಯೂನಲ್ಲಿ ಬೀಳಿಸ್ದೆ?” ಕೋನಪ್ಪನ ಮೊದಲ ಪ್ರಶ್ನೆ.

“ನೋಡ್ಲಿಲ್ಲ ಮಾಮ. ಯಾವುದೋ ಇತ್ತು.”

ಈ ಉತ್ತರದಿಂದ ಅವನು ಚೇತರಿಸಿಕೊಳ್ಳಲು ಬಹಳ ಹೊತ್ತು ಹಿಡಿಯಿತು.

ದೈವವೂ ಅವನಿಗೆ ಸಹಕರಿಸಿಲ್ಲ, ಅದನ್ನೂ ಹೇಳಬೇಕು. ಮೊದಲು ಈ ವಿಲಿಯಮ್ಸ್, ಬ್ಯಾಲಿ ಕಂಪನಿಗಳ ಯಂತ್ರಗಳ ಡಿಜಿಟಲ್ ಅವತಾರ ಫಾರ್‌ಸೈಟ್ ಸಂಸ್ಥೆಯ ‘ಪಿನ್‌ಬಾಲ್ ಆರ್ಕೇಡ್’ನಲ್ಲಿತ್ತು. ಅಲ್ಲಿ ಒಂದೊಂದೇ ಮೇಜಿಗೆ ಒಂದೊಂದು ನೋಟ ಗೊತ್ತುಮಾಡಿಕೊಂಡು, ಇನ್ನೇನು ಆಡಬಹುದು ಅನ್ನುವ ಹಂತಕ್ಕೆ ಬಂದಿದ್ದ. 2018ರ ಜೂನ್ 30ಕ್ಕೆ ಆ ಸಂಸ್ಥೆಗಿದ್ದ ಪರವಾನಗಿ ಮುಗಿದು, ಯಂತ್ರಗಳು ಅದೇ ವರ್ಷ ಜೆನ್ ಪಾಲಿಗೆ ಬಂದವು. ಮೊದಲೇ ಕೊಂಡವರ ಆಟಕ್ಕೇನೂ ಧಕ್ಕೆಯಿರಲಿಲ್ಲ. ಹಳೆಯದನ್ನೇ ಆಡಿಕೊಂಡಿರಬಹುದಿತ್ತು. ಆದರೆ ಹೊಸ ಮನೆಯಲ್ಲಿ ಹೊಸ ಕ್ಯಾಮೆರಾಗಳಿವೆ ಎಂದು ಗೊತ್ತಾದ ಮೇಲೆ ಕೋನಪ್ಪನಂಥವನು ಹಳೆ ಮನೆಯಲ್ಲಿ ಇದ್ದಾನೆಯೇ?

ಪರದೆಯನ್ನೇ ಉದ್ದಕ್ಕೆ ನಿಲ್ಲಿಸಿದರೆ ಮುಗಿಯಿತಲ್ಲ ಎಂಬ ಜ್ಞಾನೋದಯ ಆಮೇಲಿನದು. ಇದೂ ಸರಿಯಾದ ಆಲೋಚನೆಯೇ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್ಚನ್ನು ಉದ್ದಕ್ಕೆ ಕಚ್ಚಿ ಹಿಡಿಯಲೆಂದೇ ‘ಫ್ಲಿಪ್ ಗ್ರಿಪ್’ ಎಂಬ ಪ್ಲಾಸ್ಟಿಕ್ ಚೌಕಟ್ಟು ಮಾರುತ್ತಾರೆ. ಮೇಜೂ ಉದ್ದ, ಪರದೆಯೂ ಉದ್ದ, ಜಾತಕ ಕೂಡಿತು. ಕೋನಪ್ಪ ಎಸ್.ಪಿ. ರಸ್ತೆಗೆ ಹೋಗಿ, ಮಾನಿಟರ್ ತಿರುಗುವಂಥ ಸ್ಟ್ಯಾಂಡ್ ಕೇಳಿದ.

“ಆಸ್ಪತ್ರೆಗಾ ಸಾರ್?” ಅಂದ ಅಂಗಡಿಯವನು. “ಟೋಕನ್ ನಂಬರ್ ತೋರ್ಸೋಕೆ ಉದ್ದಕ್ಕೆ ನಿಲ್ಲಿಸ್ತಾರೆ. ಮನೆಗೆ ಯಾರೂ ಕೇಳಿಲ್ಲ.”

“ಮನೆಗೇ. ಪಿನ್‌ಬಾಲ್ ಆಡೋಕೆ.”

ಅಂಗಡಿಯವನು ಇವನ ಮುಖ ನೋಡಿ, ಬೆಲೆ ಇಳಿಸಿದನಂತೆ.

ಮನೆಗೆ ತಂದು, ಮಾನಿಟರ್ ತಿರುಗಿಸಿ, ವಿಂಡೋಸ್‌ನಲ್ಲಿ ಪೋರ್ಟ್ರೇಟ್ ಅಂತ ಒತ್ತಿದ. ಚಿತ್ರ ತಲೆಕೆಳಗಾಗಿ ನಿಂತಿತು. ಅದಕ್ಕೆ ಇನ್ನೊಂದು ಆಯ್ಕೆ, ಪೋರ್ಟ್ರೇಟ್ ಫ್ಲಿಪ್ಡ್. ಅದನ್ನು ಒತ್ತಲು ಮೌಸ್ ಮುಂದಕ್ಕೆ ತಳ್ಳಿದರೆ ಬಾಣ ಕೆಳಕ್ಕಿಳಿಯುತ್ತದೆ, ಎಡಕ್ಕೆ ಎಳೆದರೆ ಬಲಕ್ಕೆ ಜಾರುತ್ತದೆ. ಹೇಗೋ ಗೆದ್ದ. ಆಗ ಹೊಸ ಶಕುನ. ಅವನದು ಹಳೆಯ ಟಿಎನ್ ಪ್ಯಾನೆಲ್ಲಿನ ಮಾನಿಟರ್. ಅಂಥದ್ದನ್ನು ಮೇಲಿನಿಂದ ಕೆಳಗಿನಿಂದ ನೋಡಿದರೆ ಬಣ್ಣ ಕೆಡುತ್ತದೆ. ಪಕ್ಕಕ್ಕೆ ತಿರುಗಿಸಿದಾಗ ಆ ದೋಷವೂ ಪಕ್ಕಕ್ಕೆ ತಿರುಗಿತು. ಎಡಗಣ್ಣಿಗೊಂದು ಬಣ್ಣ, ಬಲಗಣ್ಣಿಗೊಂದು ಬಣ್ಣ. ಕೋನಪ್ಪ ಒಂದು ಕಣ್ಣು ಮುಚ್ಚಿ ಆಡಲು ನೋಡಿದ. ಹೆಂಡತಿ ಬಾಗಿಲಲ್ಲಿ ನಿಂತು, “ರೀ, ಯಾರಿಗೆ ಕಣ್ಣು ಹೊಡೀತಿದೀರಾ?” ಎಂದು ಕೇಳಿದ್ದರಿಂದ ಆ ಪ್ರಯೋಗ ನಿಂತಿತು. ಐಪಿಎಸ್ ಪ್ಯಾನೆಲ್ಲಿನ ಹೊಸ ಮಾನಿಟರ್ ಬಂತು. ಗೃಹಶಾಂತಿಗಾಗಿ ಅದನ್ನು ‘ಆಫೀಸ್ ಕೆಲಸಕ್ಕೆ’ ಎಂದು ಹೇಳಲಾಗಿದೆ. ಈ ಬರಹ ಆಕೆಯ ಕಣ್ಣಿಗೆ ಬೀಳದಿರಲಿ.

ಇಷ್ಟಾದ ಮೇಲಾದರೂ ಆಡಿದನೇ ಎಂದರೆ, ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ‘ವಿಷುಯಲ್ ಪಿನ್‌ಬಾಲ್’ ತೋರಿಸಿಕೊಟ್ಟರು. ಉಚಿತ ಪ್ರೋಗ್ರಾಮು. ಅದರಲ್ಲಿ ಸಿದ್ಧ ಕ್ಯಾಮೆರಾಗಳ ಗೊಡವೆಯಿಲ್ಲ, ವಾಲಿಕೆ ಎಷ್ಟು, ನೋಟದ ಹರವು ಎಷ್ಟು, ‘ಲೇಬ್ಯಾಕ್’ ಎಷ್ಟು, ಎಲ್ಲವನ್ನೂ ಅಂಕಿಯಲ್ಲಿ ತುಂಬಬಹುದು. ಪ್ರತಿ ಮೇಜಿಗೂ ಬೇರೆ ಬೇರೆಯಾಗಿ. ಗುಂಡಿ ಒತ್ತುವ ಚಟದವನ ಕೈಗೆ ದಶಮಾಂಶ ಬಿಂದು ಸಿಕ್ಕಿತು. ಈಗ ಅವನ ಬಳಿ ಒಂದು ಎಕ್ಸೆಲ್ ಶೀಟ್ ಇದೆ. ಮೇಜಿನ ಹೆಸರು, ವಾಲಿಕೆ, ಹರವು, ಷರಾ. ಷರಾದಲ್ಲಿ ‘ಪರವಾಗಿಲ್ಲ’, ‘ಎಡ ರ‍್ಯಾಂಪ್ ಮಸುಕು’, ‘ಮತ್ತೆ ನೋಡುವುದು’ ಎಂದೆಲ್ಲ ಇದೆ. ಅಂಕ ಎಂಬ ಕಲಂ ಇಲ್ಲ. ಯಾಕೋ ಎಂದು ಕೇಳಿದ್ದಕ್ಕೆ, “ಸೆಟ್ ಆಗ್ದೆ ಆಡಿದ್ದು ಲೆಕ್ಕಕ್ಕೆ ತಗೊಳ್ಳೋಕಾಗಲ್ಲ ಮಾರಾಯ” ಅಂದ.

ಅವನ ಗುರಿ ಏನು ಗೊತ್ತೆ? ಅಸಲಿ ಯಂತ್ರದ ಮುಂದೆ ನಿಂತವನಿಗೆ ಹೇಗೆ ಕಾಣುತ್ತದೋ ತದ್ವತ್ ಹಾಗೇ ಕಾಣಬೇಕು. ಅಸಲಿ ಯಂತ್ರವನ್ನು ಅವನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. ಆ ಯೋಗವೂ ಬಂತು. ಕಂಪನಿ ಕೆಲಸದ ಮೇಲೆ ಅಮೆರಿಕಕ್ಕೆ ಹೋದಾಗ ಎಲ್ಲರ ಜತೆ ಲಾಸ್ ವೇಗಸ್‌ಗೂ ಹೋದ. ಜತೆಯವರು ಕ್ಯಾಸಿನೋ ಹೊಕ್ಕರು. ಇವನು ಒಬ್ಬ ಸಹೋದ್ಯೋಗಿಯನ್ನು ಎಳೆದುಕೊಂಡು ಪಿನ್‌ಬಾಲ್ ಹಾಲ್ ಆಫ್ ಫೇಮ್ ಎಂಬಲ್ಲಿಗೆ ಹೋದ. ಹಳೆಯ, ಹೊಸ ಯಂತ್ರಗಳನ್ನು ಸಾಲಾಗಿ ಇಟ್ಟಿರುವ ಮ್ಯೂಸಿಯಂ ಅದು. ನೋಡಿ ಬರುವುದಕ್ಕಲ್ಲ, ನಾಣ್ಯ ಹಾಕಿ ಆಡುವುದಕ್ಕೇ ಇಟ್ಟದ್ದು.

ಮುಂದಿನದು ಆ ಸಹೋದ್ಯೋಗಿಯ ಬಾಯಿಂದ ಕೇಳಿದ್ದು. ಕೋನಪ್ಪ ನಾಣ್ಯ ಹಾಕಿದ. ಗುಂಡು ಚಿಮ್ಮಿ ಮೇಲೆ ಹೋಯಿತು. ಇವನು ಗುಂಡಿಗಳಿಂದ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದ. ಮಂಡಿ ಬಗ್ಗಿಸಿದ. ತುದಿಗಾಲಲ್ಲಿ ನಿಂತ. ಮತ್ತೆ ಮಂಡಿ ಬಗ್ಗಿಸಿದ. ಗುಂಡು ಸಂದಿಯಲ್ಲಿ ಬಿತ್ತು. ಎರಡನೆಯದೂ ಹಾಗೇ ಹೋಯಿತು. ಹಿಂದೆ ಕಾಯುತ್ತಿದ್ದ ಅಜ್ಜನೊಬ್ಬ ಹತ್ತಿರ ಬಂದು, ಸೊಂಟ ಹಿಡಿದುಕೊಂಡಿತೇ, ಕುರ್ಚಿ ತರಿಸಲೇ ಎಂದು ವಿಚಾರಿಸಿದನಂತೆ.

“ಹೆಂಗಿತ್ತೋ ಅಸಲಿ?” ಎಂದು ಊರಿಗೆ ಬಂದ ಮೇಲೆ ಕೇಳಿದೆ.

“ಟೇಬಲ್ ಏನೋ ಚೆನ್ನಾಗಿದೆ,” ಅಂದ. “ಆದ್ರೆ ಕ್ಯಾಮೆರಾ ಸ್ವಲ್ಪ ಮೇಲಾಯ್ತು.”

ಕ್ಯಾಮೆರಾ ಅಂದರೆ ಅವನ ತಲೆ. “ಗಾಜಿನ ಮೇಲೆ ಟ್ಯೂಬ್‌ಲೈಟ್ ಬೇರೆ ಹೊಳೀತಿತ್ತು. ನಮ್ಮಲ್ಲಾದ್ರೆ ರಿಫ್ಲೆಕ್ಷನ್ ಆಫ್ ಮಾಡಬಹುದು. ಅಲ್ಲಿ ಆ ಆಪ್ಷನ್ನೇ ಇಲ್ಲ.”

ವೇಗಸ್‌ನಿಂದ ಬಂದವನಿಗೆ ಮಾನಿಟರ್ ಚಿಕ್ಕದೆನಿಸತೊಡಗಿತು. ಯಂತ್ರದ ಅಗಲ ಇದ್ದಷ್ಟೇ ಕಾಣಬೇಕಾದರೆ 43 ಇಂಚಿನ ಪರದೆಯನ್ನು ಉದ್ದಕ್ಕೆ ತಿರುಗಿಸಬೇಕು ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು, ಅದರ ಅಗಲ ಇಪ್ಪತ್ತೊಂದು ಇಂಚು ಬರುತ್ತದೆ. ಮನೆಯ ಹಾಲ್‌ನಲ್ಲಿದ್ದ ಟಿವಿ ಸರಿಯಾಗಿ 43 ಇಂಚು. ಒಂದು ಶನಿವಾರ ಅದನ್ನು ಗೋಡೆಯ ಮೇಲೆ ಉದ್ದಕ್ಕೆ ಸಿಕ್ಕಿಸಿದ. ಸಂಜೆ ಧಾರಾವಾಹಿ ಹೊತ್ತಿಗೆ ಅವನ ತಾಯಿ ಬಂದು ಹಾಕಿದರೆ, ಸೊಸೆ ಮಗ್ಗುಲಾಗಿ ಮಲಗಿ ಅಳುತ್ತಿದ್ದಾಳೆ, ಅತ್ತೆ ಗೋಡೆಯ ಮೇಲೆ ನಡೆದು ಬರುತ್ತಿದ್ದಾಳೆ.

“ಲೋ, ಏನೋ ಇದು!”

“ಎರಡು ದಿನ ತಡ್ಕೋಮ್ಮ. ಆ್ಯಂಗಲ್ ನೋಡ್ತಿದೀನಿ.”

ಎರಡು ದಿನ ಎರಡು ವಾರವಾಯಿತು. ಎತ್ತರ ಒಂದಿಷ್ಟು ಹೆಚ್ಚಾಯಿತೆಂದು ಗೋಡೆಗೆ ಹೊಸ ತೂತು ಬಿತ್ತು, ಕಮ್ಮಿಯಾಯಿತೆಂದು ಮತ್ತೊಂದು. ಕೊನೆಗೆ ಟಿವಿಯಲ್ಲಿ ಗುಂಡಿ ಒತ್ತಿದ್ದಕ್ಕೂ ಫ್ಲಿಪ್ಪರ್ ಎದ್ದದ್ದಕ್ಕೂ ನಡುವೆ ಕಣ್ಣಿಗೆ ಕಾಣುವಷ್ಟು ವಿಳಂಬವಿದೆ, ಗೇಮ್ ಮೋಡ್ ಹಾಕಿದರೂ ತನಗೆ ಸಮಾಧಾನವಿಲ್ಲ ಎಂದು ತೀರ್ಪು ಕೊಟ್ಟು, ಸ್ಕ್ರೂಡ್ರೈವರ್ ಹಿಡಿದು ಟಿವಿಯನ್ನು ಮೊದಲಿನಂತೆ ಮಾಡಲು ಏಣಿ ಹತ್ತಿದ.

ದಿವಾನದ ಮೇಲೆ ಎಡಮಗ್ಗುಲಾಗಿ, ತಲೆದಿಂಬಿಗೆ ಕೆನ್ನೆ ಕೊಟ್ಟು ಮಲಗಿದ್ದ ತಾಯಿ ತಟ್ಟನೆ ಕೈಯೆತ್ತಿದರು.

“ಮುಟ್ಬೇಡ ಅದನ್ನ. ಈಗ ಸರಿಯಾಗಿ ಕಾಣ್ತಿದೆ.”