ಪಾಲಕ್ಕಿನ ಅಜ್ಞಾತವಾಸ

ಊಟದೊಳಗೆ ತರಕಾರಿ ಬಚ್ಚಿಡುವ ಉಪಾಯ ಯಾರ ಸ್ವತ್ತು ಎಂಬ ಪ್ರಶ್ನೆ ನ್ಯೂಯಾರ್ಕಿನ ಕೋರ್ಟಿನವರೆಗೂ ಹೋಗಿತ್ತು. 2007ರಲ್ಲಿ ಮಿಸ್ಸಿ ಚೇಸ್ ಲಪೈನ್ ಎಂಬ ಹೆಣ್ಣುಮಗಳು, ಮಕ್ಕಳಿಗೆ ಸುಳಿವು ಹತ್ತದಂತೆ ಅವರ ತಿಂಡಿಯಲ್ಲಿ ಸೊಪ್ಪು ತರಕಾರಿ ಅರೆದು ಬೆರೆಸುವುದು ಹೇಗೆಂದು ಪುಸ್ತಕ ಬರೆದಳು. ಅದೇ ವರ್ಷ ಹಾಸ್ಯನಟ ಜೆರಿ ಸೈನ್‌ಫೆಲ್ಡನ ಹೆಂಡತಿ ಜೆಸಿಕಾ ಅಂಥದೇ ಇನ್ನೊಂದು ಪುಸ್ತಕ ತಂದಳು. ಮೊದಲನೆಯಾಕೆ ಕಾಪಿರೈಟ್ ದಾವೆ ಹೂಡಿದಳು. 2009ರಲ್ಲಿ ಅದು ಬಿದ್ದುಹೋಯಿತು, 2010ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ತರಕಾರಿ ಅರೆದಿಟ್ಟುಕೊಂಡು ಗುಟ್ಟಾಗಿ ಸೇರಿಸುವುದು ಬರೀ ಒಂದು ಉಪಾಯ, ಉಪಾಯಕ್ಕೆ ಯಾರೂ ಹಕ್ಕುದಾರರಲ್ಲ ಎಂಬುದು ತೀರ್ಪಿನ ಸಾರ.

ಪುಣೆಯ ಕೋಥರೂಡಿನಲ್ಲಿ, ಮೂರನೆಯ ಮಹಡಿಯ ಅಡಿಗೆಮನೆಯಲ್ಲಿ ದಿನಾ ಬೆಳಿಗ್ಗೆ ಅದೇ ಕಳ್ಳಕೆಲಸ ಮಾಡುವ ನನಗೆ ಈ ತೀರ್ಪು ಬಹಳ ಹಿಡಿಸಿತು. ಅಲ್ಲಿ ಬಚ್ಚಿಡುವುದು ಪುಟ್ಟ ಮಕ್ಕಳಿಂದ. ಇಲ್ಲಿ, ಬ್ಯಾಂಕಿನಿಂದ ರಿಟೈರಾಗಿ ಪೇಪರಿನ ಮೂರು ಪುರವಣಿಗಳನ್ನೂ ಓದಿ ಮುಗಿಸುವ ಯಜಮಾನರಿಂದ.

ನಮ್ಮನೆಯವರು ಹಸಿ ಸೊಪ್ಪು ಕಾಣದವರೇನೂ ಅಲ್ಲ. ಹುಟ್ಟಿ ಬೆಳೆದದ್ದು ವಿಜಯಪುರ. ಜೋಳದ ರೊಟ್ಟಿಯ ಜೊತೆ ಹಸಿ ಮೆಂತ್ಯದ ತಪ್ಪಲು, ಮೂಲಂಗಿ, ಉಳ್ಳಾಗಡ್ಡಿ, ಮೇಲೆ ಶೇಂಗಾ ಹಿಂಡಿ, ಮೊಸರು. ಇಷ್ಟಿದ್ದರೆ ಅರ್ಧ ಮಡಿ ಮೆಂತ್ಯ ಬೇರುಸಹಿತ ಮಾಯವಾಗುತ್ತಿತ್ತು. ಅದೇ ಸೊಪ್ಪನ್ನು ಗ್ಲಾಸಿಗೆ ಹಾಕಿ ಕೊಟ್ಟರೆ ಮಾತ್ರ ‘ಇದೇನು ದನಕ್ಕ ಇಟ್ಟಿದ್ದೋ, ನನಗೋ?’ ಎಂದು ಕೇಳುತ್ತಾರೆ. ತಟ್ಟೆಯಲ್ಲಿದ್ದಾಗ ಊಟ, ಲೋಟದಲ್ಲಿದ್ದಾಗ ಔಷಧ ಎಂಬುದು ಗಂಡಸರ ಆಯುರ್ವೇದವಿರಬೇಕು.

ಇದೆಲ್ಲ ಶುರುವಾದದ್ದು ರಕ್ತಪರೀಕ್ಷೆಯ ಕಾಗದದಿಂದ. ‘ಶುಗರ್ ಬಾರ್ಡರ್ ಮೇಲಿದೆ’ ಎಂದರು ಡಾಕ್ಟರು. ಇವರು ಗಾಬರಿಯಾಗಲಿಲ್ಲ. ‘ಕರ್ನಾಟಕ-ಮಹಾರಾಷ್ಟ್ರ ಬಾರ್ಡರ್ ವಿವಾದ ಏನು ಹೊಸಾದಲ್ಲರಿ. 1967ರಾಗ ಮಹಾಜನ ವರದಿ ಬಂತು, 2004ರಾಗ ಸುಪ್ರೀಂ ಕೋರ್ಟಿಗೆ ಹೋತು, ಇನ್ನೂ ನಡದೇ ಅದ’ ಎಂದು ಮರಾಠಿ ಡಾಕ್ಟರಿಗೆ ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಗೆ ಅನುವಾದಿಸದೆ ಎದ್ದು ಬಂದರು. ಡಾಕ್ಟರು ನನ್ನ ಕಡೆ ತಿರುಗಿ, ಸೊಪ್ಪು ತರಕಾರಿ ಹೆಚ್ಚು ಮಾಡಿ ಎಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ದಿನಕ್ಕೆ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು ಎನ್ನುತ್ತದೆ. ತಕ್ಕಡಿಗಿಟ್ಟು ನೋಡಿ, 400 ಗ್ರಾಂ ತರಕಾರಿ ಸಣ್ಣದೇನಲ್ಲ. ಮದುವೆಯ ಊಟದಲ್ಲಿ ಎಲೆಯ ಎಡಭಾಗ ಅಷ್ಟೂ ತಿಂದರೂ ಅಷ್ಟಾಗುವುದಿಲ್ಲ.

ಹಿಂಜವಡಿಯ ಕಂಪನಿಯಲ್ಲಿ ಕೆಲಸ ಮಾಡುವ ಮಗಳು ಉಪಾಯ ಹೇಳಿದಳು: ‘ಅಮ್ಮಾ, ಗ್ರೀನ್ ಸ್ಮೂದಿ.’ ಈ ಹಸಿರು ಪಾನಕಕ್ಕೆ ಹೆಸರು ತಂದುಕೊಟ್ಟವರಲ್ಲಿ ವಿಕ್ಟೋರಿಯಾ ಬುಟೆಂಕೊ ಎಂಬಾಕೆ ಮುಖ್ಯ. ರಷ್ಯಾದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವಳು, 2005ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದಳು. ಚಿಂಪಾಂಜಿಗಳು ಹಣ್ಣಿನ ಜೊತೆ ರಾಶಿ ರಾಶಿ ಎಲೆ ತಿನ್ನುತ್ತವೆ, ನಮಗೆ ಅಷ್ಟು ಅಗಿಯುವ ದವಡೆಯೂ ಇಲ್ಲ, ತಾಳ್ಮೆಯೂ ಇಲ್ಲ, ಆದ್ದರಿಂದ ಯಂತ್ರದಲ್ಲಿ ಅರೆದು ಕುಡಿಯೋಣ ಎಂಬುದು ಅವಳ ವಾದದ ಎಳೆ. ಮಗಳು ಇದನ್ನು ಭಕ್ತಿಯಿಂದ ವಿವರಿಸಿದಾಗ ಅವಳಪ್ಪ ಪೇಪರಿನ ಹಿಂದಿನಿಂದ ಕೇಳಿದರು: ‘ಮಂಗ್ಯಾನ ಹಂಗ ತಿನ್ನಬೇಕಂದ್ರ ಮಿಕ್ಸರ್ ಯಾಕ ಬೇಕು? ಗಿಡಾ ಹತ್ತಿಸು.’ ಆಗಲೇ ನಾನು ತೀರ್ಮಾನಿಸಿದೆ, ಇವರಿಗೆ ಹೇಳಿ ಕುಡಿಸುವ ಮಾತು ಮುಗಿಯಿತು, ಇನ್ನು ಹೇಳದೆ ಕುಡಿಸುವುದೇ ದಾರಿ.

ತೊಡಕೆಂದರೆ, ಗುಟ್ಟಿನ ಕೆಲಸಕ್ಕೆ ಮಿಕ್ಸರಿನಷ್ಟು ಅಯೋಗ್ಯ ಆಯುಧ ಇನ್ನೊಂದಿಲ್ಲ. ನನ್ನದು ಮದುವೆಯಲ್ಲಿ ಬಂದ ಸುಮೀತ್. ಆ ಯಂತ್ರದ ಕಥೆ ಚೆನ್ನಾಗಿದೆ. ಮುಂಬೈಯ ಎಂಜಿನಿಯರ್ ಸತ್ಯಪ್ರಕಾಶ ಮಾಥುರರ ಮನೆಯಲ್ಲಿ ಜರ್ಮನಿಯ ಬ್ರಾನ್ ಮಿಕ್ಸರ್ ನಮ್ಮ ಅಡಿಗೆಯ ಭಾರ ತಾಳದೆ ಸುಟ್ಟುಹೋಯಿತಂತೆ. ಹೆಂಡತಿಗಾಗಿ ಅವರು ಗಟ್ಟಿ ಮೋಟರಿನ ಯಂತ್ರ ಕಟ್ಟಿದರು, 1963ರಲ್ಲಿ ಸುಮೀತ್ ಹುಟ್ಟಿತು. ಕೊಬ್ಬರಿ, ಅರಿಶಿನದ ಕೊಂಬು ಅರೆಯಲೆಂದು ಹುಟ್ಟಿದ ಆ ಧೀರ, ನಾಲ್ಕು ಪಾಲಕ್ ಎಲೆಗಾಗಿ ಬೆಳಿಗ್ಗೆ ಆರಕ್ಕೆ ಗರ್ಜಿಸಿದರೆ ಎದುರು ಮನೆಯ ಕಾಕೂ ಬಾಗಿಲು ತೆರೆದು ‘ಝಾಲಂ ಕಾ ಜ್ಯೂಸ್?’, ಜ್ಯೂಸ್ ಆಯಿತಾ, ಎನ್ನುತ್ತಾರೆ. ಇಡೀ ಸೊಸೈಟಿಗೆ ಗೊತ್ತಾದ ಮೇಲೆ ಗೊತ್ತಿಲ್ಲದವರಂತೆ ಇರುವವರು ಇವರೊಬ್ಬರೇ.

ಸೊಪ್ಪಿಗೆ ನಾನು ಹೋಗುವುದು ಮಂಡಯಿಗೆ. ಮಹಾತ್ಮಾ ಫುಲೆ ಮಂಡಯಿ ಎಂದರೆ ಪುಣೇಕರರಿಗೆ ಗೊತ್ತು, ನಡುವೆ ಎಂಟು ಮೂಲೆಯ ಗೋಪುರವಿರುವ ಕಲ್ಲಿನ ಕಟ್ಟಡ. 1886ರಲ್ಲಿ ಶುರುವಾದಾಗ ಗವರ್ನರನ ಹೆಸರಿನಿಂದ ರೇ ಮಾರ್ಕೆಟ್ ಅನ್ನುತ್ತಿದ್ದರು. ಜ್ಯೋತಿಬಾ ಫುಲೆ ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿದ್ದಾಗ ಈ ಮಾರ್ಕೆಟ್ಟಿಗೆ ಹಣ ಸುರಿಯಬಾರದು, ಅದು ಶಿಕ್ಷಣಕ್ಕೆ ಹೋಗಬೇಕು ಎಂದು ವಿರೋಧಿಸಿದವರು. ಮುಂದೆ ಅವರ ಹೆಸರನ್ನೇ ಅದಕ್ಕೆ ಇಟ್ಟರು. ಬೇಡವೆಂದವರ ಕೊರಳಿಗೇ ಕಟ್ಟುವ ಈ ಪುಣೆಯ ಪದ್ಧತಿ ನನಗೆ ಸ್ಮೂದಿಯ ವಿಷಯದಲ್ಲಿ ಧೈರ್ಯ ಕೊಟ್ಟಿದೆ.

ಮಂಡಯಿಯಲ್ಲಿ ಸೊಪ್ಪಿನ ಸಾಲು ನೋಡಬೇಕು. ಪಾಲಕ್, ಮೆಂತ್ಯ, ಶೇಪು ಎಂಬ ನಮ್ಮ ಸಬ್ಬಸಿಗೆ, ರಾಜಗಿರಿ, ಹುಳಿ ಹುಳಿ ಚುಕಾ, ಚಳಿಗಾಲದಲ್ಲಿ ಕಡಲೆಯ ಚಿಗುರು. ಒದ್ದೆ ಗೋಣಿಯ ಮೇಲೆ ಜೋಡಿಸಿ, ಪ್ರತಿ ಐದು ನಿಮಿಷಕ್ಕೆ ತಂಬಿಗೆಯಿಂದ ನೀರು ಚಿಮುಕಿಸುತ್ತಾರೆ. ಕೊಂಡರೆ ಸೊಪ್ಪಿಗಿಂತ ನೀರೇ ಹೆಚ್ಚು ತೂಗುತ್ತದೆ, ಆದರೆ ಅಲ್ಲಿ ತೂಕದ ಲೆಕ್ಕವಿಲ್ಲ, ಜುಡಿಯ, ಅಂದರೆ ಕಟ್ಟಿನ ಲೆಕ್ಕ. ಜುಡಿಯ ಕಟ್ಟು ಬಿಡಿಸಿ ಒಳಗಿನ ಎಲೆ ನೋಡದೆ ಕೊಳ್ಳುವವರು ಪುಣೆಗೆ ಹೊಸಬರು.

ಒಮ್ಮೆ ಅಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡಿ, ಚಿಲ್ಲರೆಯನ್ನು ಬಾಯೊಳಗೇ ‘ಇಪ್ಪತ್ತು, ಮೂವತ್ತು’ ಎಂದು ಎಣಿಸುತ್ತಿದ್ದೆ. ಮಾರುವ ಹೆಂಗಸು ತಲೆಯೆತ್ತಿ ಕೇಳಿದಳು, ‘ಯಾವೂರ್ರಿ ಅಕ್ಕಾರ?’ ಅವಳು ಇಂಡಿ ಕಡೆಯವಳು. ಪುಣೆಯಲ್ಲಿ ಕನ್ನಡಿಗರು ಸ್ಮೂದಿಯೊಳಗಿನ ಪಾಲಕ್ಕಿನಂತೆ: ಎಲ್ಲೆಲ್ಲೂ ಇರುತ್ತಾರೆ, ಕಣ್ಣಿಗೆ ಬೀಳುವುದಿಲ್ಲ. ಬಾಗಿಲ ಮೇಲಿನ ಕುಲಕರ್ಣಿ, ದೇಶಪಾಂಡೆ, ಜೋಶಿ ಯಾವ ಕಡೆಯವರೆಂದು ಫಲಕ ನೋಡಿ ಹೇಳಲಾಗದು. ಗದಗಿನ ಗಾಯಕ ಭೀಮಸೇನ ಜೋಶಿಯವರು ಪುಣೆಯವರೇ ಆಗಿಹೋದರು. ಅವರ ಕುಂದಗೋಳದ ಗುರುವಿನ ನೆನಪಿಗೆ 1953ರಲ್ಲಿ ಶುರುವಾದ ಸವಾಯಿ ಗಂಧರ್ವ ಉತ್ಸವ ಪುಣೆಯ ಮನೆಹಬ್ಬವಾಯಿತು. ಅಷ್ಟೇಕೆ, ಇಲ್ಲೇ ಆಳಂದಿಯ ಜ್ಞಾನೇಶ್ವರರು ವಿಠ್ಠಲನನ್ನೇ ಕರ್ನಾಟಕದವನೆಂದು ಹಾಡಿದ್ದಾರೆ. ಲೆಕ್ಕ ಮಾಡುವಾಗ, ಕಾಲಿಗೆ ಮುಳ್ಳು ಚುಚ್ಚಿದಾಗ ಮಾತ್ರ ನಮ್ಮವರು ಹೊರಗೆ ಬರುತ್ತಾರೆ.

‘ಇಷ್ಟ ಪಾಲಕ್ ಏನ ಮಾಡ್ತೀರಿ?’ ಅಂದಳು ಸೊಪ್ಪಿನವಳು. ಬಾಳೆಹಣ್ಣಿನ ಜೊತೆ ಹಸಿಯದನ್ನೇ ರುಬ್ಬಿ ಕುಡಿಯುತ್ತೇವೆ ಎಂದೆ. ಅವಳ ಮುಖ ಸಣ್ಣದಾಯಿತು. ದನಿ ತಗ್ಗಿಸಿ ಕೇಳಿದಳು: ‘ಯಾರಿಗಿ ಆರಾಮಿಲ್ರಿ ಮನ್ಯಾಗ?’ ಮೇಲೊಂದು ಹಿಡಿ ಕೊತ್ತಂಬರಿಯನ್ನು ಪುಕ್ಕಟೆ ಹಾಕಿದಳು.

ಆ ಕೊತ್ತಂಬರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಮೂದಿಗೆ ಕೊತ್ತಂಬರಿ ನಾಲ್ಕು ಎಸಳು ಮೀರಿದರೆ ಅದು ಉಪ್ಪು ಮರೆತ ಚಟ್ನಿಯಾಗುತ್ತದೆ. ಮೆಂತ್ಯ ಬೇಡವೇ ಬೇಡ, ಅದು ಎಷ್ಟು ಹಣ್ಣಿನ ಹಿಂದೆ ಅಡಗಿದರೂ ಕೊನೆಯ ಗುಟುಕಿನಲ್ಲಿ ಹೆಸರು ಹೇಳಿಕೊಳ್ಳುತ್ತದೆ. ಬಚ್ಚಿಡಲು ಹುಟ್ಟಿದ ಸೊಪ್ಪೆಂದರೆ ಎಳೆ ಪಾಲಕ್: ಬಣ್ಣ ಬಹಳ, ರುಚಿ ಕಡಿಮೆ. ಒಂದು ಹಿಡಿ ಪಾಲಕ್ಕನ್ನು ಮೊದಲು ಬರೀ ನೀರಿನಲ್ಲಿ ನುಣ್ಣಗೆ ಅರೆಯಬೇಕು. ಎಲ್ಲವನ್ನೂ ಒಟ್ಟಿಗೆ ಹಾಕಿದರೆ ಬಾಳೆಹಣ್ಣು ನುಣ್ಣಗಾಗಿ, ಎಲೆಯ ಚೂರುಗಳು ಹಲ್ಲಿನ ಸಂದಿಯಲ್ಲಿ ಸಾಕ್ಷಿ ಹೇಳುತ್ತವೆ. ಆಮೇಲೆ ಅರ್ಧ ಸೌತೆಕಾಯಿ, ಒಂದು ಪೇರಲದ ಹೋಳು, ನಾಲ್ಕು ಪುದೀನ, ಚೂರು ಶುಂಠಿ. ಮಗಳ ಪಟ್ಟಿಯಲ್ಲಿ ಎರಡು ಬಾಳೆಹಣ್ಣು, ಖರ್ಜೂರ, ಜೇನು, ಮಾವಿನ ರಸ ಇದ್ದವು. ಬಾರ್ಡರಿನ ಮೇಲೆ ನಿಂತವರನ್ನು ಆಚೆಗೆ ನೂಕುವ ಪಟ್ಟಿ ಅದು. ನಾನು ಅರ್ಧ ಬಾಳೆಹಣ್ಣಿಗೆ ನಿಲ್ಲಿಸಿದೆ. ಸೋಸಲೂಬಾರದು. ಸೋಸಿದರೆ ನಾರು ಕಸದ ಬುಟ್ಟಿಗೆ, ಸಿಹಿ ಹೊಟ್ಟೆಗೆ. ಪಾಲಕ್ಕಿನಲ್ಲಿ ಆಕ್ಸಲೇಟ್ ಹೆಚ್ಚು, ಕಿಡ್ನಿಯಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ಈ ಸಾಹಸಕ್ಕೆ ಇಳಿಯಬಾರದು. ಅದರ ಕಬ್ಬಿಣಾಂಶ ನಮ್ಮ ಮೈಗೆ ಸುಲಭವಾಗಿ ಹತ್ತುವುದಿಲ್ಲ, ಹತ್ತಲು ಲಿಂಬೆಯ ಹುಳಿ ನೆರವಾಗುತ್ತದೆ.

ಆದರೆ ಲಿಂಬೆ ಹಿಂಡಿದ ಮೇಲೆ ತಡ ಮಾಡಬಾರದು. ಎಲೆಯ ಹಸಿರಿನ ನಡುವೆ ಮೆಗ್ನೀಸಿಯಂ ಕೂತಿರುತ್ತದೆ, ಹುಳಿ ಅದನ್ನು ಮೆಲ್ಲಗೆ ಎಬ್ಬಿಸಿ ಕಳಿಸುತ್ತದೆ. ಎಂಟಕ್ಕೆ ಗಿಳಿಹಸಿರಾಗಿದ್ದದ್ದು ಹನ್ನೊಂದರ ಹೊತ್ತಿಗೆ ಖಾಕಿ. ಮಹಾಬಳೇಶ್ವರದ ಸ್ಟ್ರಾಬೆರಿ ಬರುವ ದಿನಗಳಲ್ಲಿ ಮಗಳು ಅದನ್ನೂ ಸುರಿದಳು. ಕೆಂಪು, ಹಸಿರು ಕೂಡಿ ಬಂದ ಬಣ್ಣವನ್ನು ನಾನು ವರ್ಣಿಸುವುದಿಲ್ಲ, ಮಳೆಗಾಲದಲ್ಲಿ ಮುಠಾ ನದಿ ನೋಡಿದವರಿಗೆ ಗೊತ್ತಿರುತ್ತದೆ. ಬಣ್ಣ ಮುಚ್ಚಲು ನೇರಳೆಹಣ್ಣಿಗೆ ಸಮನಿಲ್ಲ. ನೇರಳೆಯ ದಿನಗಳಲ್ಲಿ ನಾನು ಎರಡು ಹಿಡಿ ಪಾಲಕ್ ಸೇರಿಸಿದರೂ ‘ಇವತ್ತ ಭಾಳ ಛಲೋ ಆಗ್ಯದ’ ಎಂಬ ಪ್ರಶಸ್ತಿ ಸಿಗುತ್ತದೆ.

ಸೌತೆಕಾಯಿ ಹಾಕುವಾಗ ನಮ್ಮತ್ತೆ ಪಕ್ಕದಲ್ಲೇ ನಿಂತಿರುತ್ತಾರೆ. ತುದಿ ಕತ್ತರಿಸಿ, ತಿಕ್ಕಿ, ನೊರೆ ತೆಗೆದು, ಒಂದು ಚೂರು ಬಾಯಿಗೆ ಹಾಕಿಕೊಂಡು ಸಹಿ ಮಾಡಿದ ಮೇಲೇ ಅದಕ್ಕೆ ಮಿಕ್ಸರ್ ಪ್ರವೇಶ. ತಿಕ್ಕುವುದರಿಂದ ಏನಾಗುತ್ತದೋ, ರುಚಿ ನೋಡುವುದು ಮಾತ್ರ ಪಕ್ಕಾ ವಿಜ್ಞಾನ. ಪುಣೆಯ ಉದ್ಯಾನಗಳ ಮುಂದೆ ಬೆಳಿಗ್ಗೆ ಸೋರೆಕಾಯಿ, ಹಾಗಲ, ನೆಲ್ಲಿಯ ರಸ ಮಾರುವವರು ಸಾಲಾಗಿ ನಿಂತಿರುತ್ತಾರೆ. ಕಹಿ ಸೋರೆಕಾಯಿಯ ರಸ ಕುಡಿದು ಜೀವಹಾನಿಯೇ ಆದ ಪ್ರಕರಣಗಳ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಮಾಡಿತು. ರಸ ತೆಗೆಯುವ ಮುಂಚೆ ಚೂರು ತಿಂದು ನೋಡಿ, ಕಹಿಯಿದ್ದರೆ ಬಿಸಾಡಿ ಎಂದು ಅದು ಹೇಳಿತು. ಅತ್ತೆಗೆ ಇದನ್ನು ಓದಿ ಹೇಳಿದೆ. ‘ಅದಕ್ಕ ಸಮಿತಿ ಯಾಕ ಬೇಕಾಗಿತ್ತು?’ ಎಂದರು.

ಸ್ಮೂದಿ ಕುಡಿದು ವಾಕಿಂಗ್ ಹೋಗುವ ನಮ್ಮನೆಯವರು ಹೊತ್ತು ಮೀರಿ ಬರತೊಡಗಿದರು. ಅಂಗಿಯ ಮೇಲೆ ಸೇವು ಸಿಕ್ಕಿತು. ಫರ್ಗ್ಯುಸನ್ ಕಾಲೇಜು ರಸ್ತೆಯ ವೈಶಾಲಿ ಹೋಟೆಲಿನ ಎಸ್‌ಪಿಡಿಪಿ, ಅಂದರೆ ಸೇವ್ ಪೊಟ್ಯಾಟೊ ದಹಿ ಪೂರಿ. ಕೇಳಿದರೆ, ‘ಹೆಲ್ತ್ ಹೋಮಿಗೆ ಹೋಗಿದ್ದೆ’ ಎಂದರು. ಇದು ಸುಳ್ಳಲ್ಲ ಎಂಬುದೇ ಸಂಕಟ. ನಮ್ಮ ಕರಾವಳಿಯಿಂದ ಬಂದ ಜಗನ್ನಾಥ ಶೆಟ್ಟರು ಕಟ್ಟಿ ಬೆಳೆಸಿದ ಆ ಹೋಟೆಲಿಗೆ ಮೊದಲಿದ್ದ ಹೆಸರು ಮದ್ರಾಸ್ ಹೆಲ್ತ್ ಹೋಮ್. ಪುಣೆಯ ಇತಿಹಾಸ ಓದಿದ ಗಂಡನ ಜೊತೆ ವಾದ ಮಾಡಬಾರದು. ನಾನು ಪಾಲಕ್ ಬಚ್ಚಿಡುತ್ತಿದ್ದೆ, ಅವರು ಪೂರಿ ಬಚ್ಚಿಡುತ್ತಿದ್ದರು. ಇಬ್ಬರಿಗೂ ಇಬ್ಬರದೂ ಗೊತ್ತಿತ್ತು. ಬಾಯಿಬಿಟ್ಟು ಹೇಳದಿದ್ದದ್ದಕ್ಕೇ ಸಂಸಾರ ನಡೆಯುತ್ತಿತ್ತು.

ಹೀಗಿರುವಾಗ ಆಷಾಢ ಏಕಾದಶಿ ಬಂತು. ಏಕಾದಶಿ ಧಾರವಾಡ ಕಡೆ ಉಪವಾಸ, ಪುಣೆಯಲ್ಲಿ ಸಾಬೂದಾಣಿ ಖಿಚಡಿ. ‘ಏಕಾದಶಿ, ದುಪ್ಪಟ್ ಖಾಶಿ’, ಅಂದರೆ ಏಕಾದಶಿಗೆ ಎರಡು ಪಟ್ಟು ತಿನ್ನುತ್ತೀಯೆ, ಎಂದು ಮರಾಠಿಯವರೇ ತಮ್ಮನ್ನು ಆಡಿಕೊಳ್ಳುತ್ತಾರೆ. ಅದರ ಬೆನ್ನಿಗೇ ಅತ್ತೆಯ ಚಾತುರ್ಮಾಸ್ಯ. ಮಾಧ್ವರ ಮನೆಗಳಲ್ಲಿ ಮೊದಲ ತಿಂಗಳು ಶಾಕವ್ರತ, ಸೊಪ್ಪು ತರಕಾರಿ ಯಾವುದೂ ಇಲ್ಲ. ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದು ಹಾಲಿಲ್ಲ, ನಾಲ್ಕನೆಯದು ಬೇಳೆಕಾಳಿಲ್ಲ. ನಲವತ್ತು ವರ್ಷ ಬ್ಯಾಂಕಿನ ಕ್ಯಾಂಟೀನಿನಲ್ಲಿ ಉಳ್ಳಾಗಡ್ಡಿ ಭಜಿ ತಿಂದ ಇವರು ಅವತ್ತು ಬೆಳಿಗ್ಗೆ ಸ್ನಾನ ಮಾಡಿ, ಗೋಪೀಚಂದನ ಹಚ್ಚಿಕೊಂಡು ಬಂದು, ನಾನು ನೀಡಿದ ಲೋಟವನ್ನು ಎರಡೂ ಕೈಯಿಂದ ತಡೆದರು.

‘ಈ ವರ್ಷ ನಾನೂ ಶಾಕವ್ರತ ಹಿಡೀತೀನಿ. ಪಾಲಕ್ ನಡೆಯೂದಿಲ್ಲ.’

‘ಪಾಲಕ್ ಅದ ಅಂತ ಯಾರ ಹೇಳಿದ್ರು ನಿಮಗ?’ ಎಂದೆ.

ಅವರು ಸ್ವಲ್ಪ ತಡವರಿಸಿದರು. ಅಷ್ಟರಲ್ಲಿ ದೇವರಮನೆಯಿಂದ ಅತ್ತೆ ಬಂದರು. ಮಗನ ಹಣೆ ನೋಡಿದರು, ಲೋಟ ನೋಡಿದರು.

‘ಭಾಳ ಛಲೋ ಆತು ತಮ್ಮಾ. ಹಿಡಿಯೂದಾದ್ರ ಪೂರ್ತಿ ಹಿಡಿ. ಬಟಾಟಿ ಇಲ್ಲ, ಉಳ್ಳಾಗಡ್ಡಿ ಇಲ್ಲ, ಹಸಿಮೆಣಸಿನಕಾಯಿ ಇಲ್ಲ, ಹುಣಸಿಹಣ್ಣು ಇಲ್ಲ. ಹೊರಗಿಂದು ನೀರೂ ಮುಟ್ಟಂಗಿಲ್ಲ. ವಾಕಿಂಗ್ ಮುಗಿಸಿ ಸೀದಾ ಮನಿಗೆ ಬಾ.’

ಬಟಾಟಿಯೂ ಇಲ್ಲದ, ಹುಣಸೆ ಚಟ್ನಿಯೂ ಇಲ್ಲದ ಎಸ್‌ಪಿಡಿಪಿಯನ್ನು ಅವರು ಮನಸ್ಸಿನಲ್ಲೇ ಒಂದೊಂದಾಗಿ ಕಳೆದು ನೋಡಿರಬೇಕು. ಉಳಿದದ್ದು ಪ್ಲೇಟು. ಲೋಟ ತೆಗೆದುಕೊಂಡು ಒಂದೇ ಗುಟುಕಿಗೆ ಮುಗಿಸಿ, ಮೂತಿ ಒರೆಸಿಕೊಳ್ಳುತ್ತ ಹೊರಟರು.

ಅತ್ತೆ ಖಾಲಿ ಲೋಟ ಎತ್ತಿ ಮೂಸಿ ನೋಡಿದರು. ‘ನನ್ನ ವ್ರತ ಮುಗಿದ ಮ್ಯಾಲ ನನಗೂ ಅರ್ಧಾ ಲೋಟ ಮಾಡು’ ಎಂದರು. ನನಗೆ ಹಿಗ್ಗೋ ಹಿಗ್ಗು. ಅವರು ಮುಂದುವರಿಸಿದರು: ‘ಬಾಳೆಹಣ್ಣು ಹಾಕಬ್ಯಾಡ. ಒಂದ ಕುದಿ ಕುದಿಸಿ, ಉಪ್ಪು ಹಾಕಿ, ಇಂಗಿನ ಒಗ್ಗರಣಿ ಕೊಡು. ಜೋಡೀಲೆ ಒಂದೀಟು ಬಿಸಿ ಅನ್ನಾನೂ ಇಡು.’