ನಮ್ಮ ದುಡ್ಡು ಮೇಷ್ಟ್ರೇ!

ಬೆಂಗಳೂರಿನ ಪ್ರತಿ ಬಡಾವಣೆಯಲ್ಲೂ ಒಂದು ಗಣಪತಿ ದೇವಸ್ಥಾನ, ಒಂದು ಹಾಲಿನ ಬೂತು, ಲೆಕ್ಕ ಕೇಳುವ ಒಂದು ಪ್ರಾಣಿ ಇದ್ದೇ ಇರುತ್ತವೆ. ಮೊದಲೆರಡರ ಹತ್ತಿರ ನಾವೇ ಹೋಗುತ್ತೇವೆ. ಮೂರನೆಯದು ಮನೆಗೇ ಬರುತ್ತದೆ. ನಮ್ಮ ಪಾಲಿಗೆ ಬಂದಿರುವವರು ಲೆಕ್ಕದ ರಾಯರು. ಆಡಿಟ್ ಕೆಲಸದಿಂದ ನಿವೃತ್ತರಾದರೂ ಕೆಂಪು ಶಾಯಿಯ ಪೆನ್ನು ಇನ್ನೂ ನಿವೃತ್ತವಾಗಿಲ್ಲ. ರಸ್ತೆಗೆ ಡಾಂಬರು ಹಾಕುತ್ತಿದ್ದರೆ ನಾವೆಲ್ಲ ಮೂಗು ಮುಚ್ಚಿಕೊಂಡು ದಾಟುತ್ತೇವೆ. ರಾಯರು ನಿಂತು, ಕೊಡೆಯ ತುದಿಯನ್ನು ಬಿಸಿ ಡಾಂಬರಿಗೆ ಚುಚ್ಚಿ ದಪ್ಪ ನೋಡುತ್ತಾರೆ. ಕೊಡೆಗೆ ಬಿಳಿ ಬಣ್ಣದಲ್ಲಿ ಇಂಚಿನ ಗುರುತು ಹಾಕಿಕೊಂಡಿದ್ದಾರೆ. ಕೆಲಸದವರು ಬೈದರೆ ನನ್ನ ಕಡೆ ತಿರುಗಿ, "ನಮ್ಮ ದುಡ್ಡು ಮೇಷ್ಟ್ರೇ!" ಅನ್ನುತ್ತಾರೆ. ಆಗ ಕೆಲಸದವರು ನನ್ನನ್ನೂ ಸೇರಿಸಿ ಬೈಯುತ್ತಾರೆ.

ತೆರಿಗೆ ರಸೀದಿಯನ್ನು ನಾವು ಫೈಲಿಗೆ ತುರುಕಿ ಮರೆಯುತ್ತೇವೆ. ರಾಯರಿಗೆ ಅದು ನಿತ್ಯಪಾರಾಯಣ. ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯಕ್ಕೆಂದು ನೂರಕ್ಕೆ 6ರಂತೆ ಉಪಕರ ಬೀಳುತ್ತದಲ್ಲ, ಅದನ್ನು ವಸೂಲು ಮಾಡಲು ದಿನಾ ಬೆಳಿಗ್ಗೆ ವಾಚನಾಲಯಕ್ಕೆ ಹೋಗಿ ಟೆಂಡರ್ ಪ್ರಕಟಣೆಯನ್ನೂ ಬಿಡದೆ ಓದಿ ಬರುತ್ತಾರೆ. ಭಿಕ್ಷುಕರ ಉಪಕರ ನೂರಕ್ಕೆ 3. ಸಿಗ್ನಲ್ಲಿನಲ್ಲಿ ಯಾರಾದರೂ ಕೈಯೊಡ್ಡಿದರೆ, "ನಿನ್ನ ಬಾಬ್ತು ಏಪ್ರಿಲ್‌ನಲ್ಲೇ ಕಟ್ಟಿದ್ದೀನಪ್ಪ, ಮಾಗಡಿ ರಸ್ತೆಯ ಪರಿಹಾರ ಕೇಂದ್ರದಲ್ಲಿ ಕೇಳು" ಎಂದು ವಿವರಿಸುತ್ತಾರೆ. ಅಷ್ಟರಲ್ಲಿ ಹಸಿರು ದೀಪ ಬಿದ್ದು ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ. ಕೊನೆಗೆ ಹತ್ತರ ನೋಟು ಕೊಟ್ಟೇ ಸ್ಕೂಟರ್ ಮುಂದೆ ಬಿಡುತ್ತಾರೆ. ಇದು ಹಿಂದೆ ಕೂತ ನನಗೆ ಮಾತ್ರ ಗೊತ್ತು.

ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಮಾಹಿತಿ ಹಕ್ಕಿನ ಅರ್ಜಿ. 2005ರಲ್ಲಿ ಸಂಸತ್ತು ಆ ಕಾಯ್ದೆ ಮಾಡಿದ್ದು ತಮ್ಮೊಬ್ಬರಿಗಾಗಿಯೇ ಎಂದು ರಾಯರು ನಂಬಿದ್ದಾರೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರುಗಳನ್ನು ಕಟ್ಟುಗಟ್ಟಲೆ ತಂದಿಟ್ಟುಕೊಂಡಿದ್ದಾರೆ. ತೊಡಕು ಒಂದೇ. ನಮ್ಮ ರಾಜ್ಯದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ರಾಯರಿಗೆ ಅಷ್ಟು ಪದ ನಮಸ್ಕಾರ ಹೇಳುವುದಕ್ಕೇ ಬೇಕು. ನಾನೋ ಜೀವಮಾನವೆಲ್ಲ ಮಕ್ಕಳಿಗೆ ಸಾರಾಂಶ ಬರೆಯುವುದನ್ನು ಕಲಿಸಿದ ಕನ್ನಡ ಮೇಷ್ಟ್ರು. ಹಣೆಬರಹಕ್ಕೆ ಹೊಣೆ ಯಾರು?

ನಮ್ಮ ಬೀದಿಯ ಚರಂಡಿಗೆ ಹಾಸಿದ ಸ್ಲ್ಯಾಬು ಒಂದು ಮಳೆಗಾಲಕ್ಕೇ ಮುರಿದಾಗ ರಾಯರು ಫುಲ್‌ಸ್ಕೇಪ್ ಹಾಳೆಗಳನ್ನು ಹಿಡಿದು ಬಂದರು. ಅರ್ಜಿ ಕೆಂಪೇಗೌಡರಿಂದ ಶುರುವಾಗಿತ್ತು. ಕೆರೆಗಳೆಲ್ಲ ಮುಗಿದು, ಚರಂಡಿ ಬರುವ ಹೊತ್ತಿಗೆ ಮೂರನೇ ಪುಟ.

"ಕೆಂಪೇಗೌಡರನ್ನು ತೆಗೆಯೋಣ ರಾಯರೇ."

"ಊರು ಕಟ್ಟಿದವರನ್ನೇ ತೆಗೀತೀರಾ?" ಎಂದು ನೊಂದುಕೊಂಡರು.

ಕೆರೆಗಳನ್ನು ಒಂದೊಂದಾಗಿ ಮುಚ್ಚಿದೆ. ಊರಿನಲ್ಲಿ ಆಗಿರುವುದೂ ಅದೇ ತಾನೆ. 'ಮಾನ್ಯರೇ' ಹೋಯಿತು, 'ದಯವಿಟ್ಟು' ಹೋಯಿತು. ಆದರೂ ಇನ್ನೂರರ ಕೆಳಗೆ ಇಳಿಯಲೊಲ್ಲದು. ಇದ್ದಕ್ಕಿದ್ದಂತೆ ರಾಯರ ಮುಖ ಅರಳಿತು: "ಸಮಾಸ ಮಾಡಿದ್ರೆ ಎರಡು ಪದ ಒಂದಾಗತ್ತೆ ಅಲ್ವೇ ಮೇಷ್ಟ್ರೇ?" ಅಲ್ಲಿಗೆ 'ಚರಂಡಿಕಾಮಗಾರಿಬಿಲ್ಲುನಕಲು' ಎಂಬ ಪದ ಹುಟ್ಟಿತು. ಅದರ ಬೆನ್ನಿಗೇ 'ಸ್ಲ್ಯಾಬುದಪ್ಪಪರೀಕ್ಷಾವರದಿ'. ಅರಿಸಮಾಸ ಕಂಡರೆ ಮಾರ್ಕು ಕಳೆಯುತ್ತಿದ್ದ ನನ್ನ ಕೈಯಿಂದಲೇ ಅವು ಶುದ್ಧಪ್ರತಿಗೆ ಏರಿದವು. ಎಣಿಸಿದರೆ 149. ಉಳಿದ ಒಂದು ಪದವನ್ನು ಸುಮ್ಮನೆ ಬಿಟ್ಟುಕೊಡಲು ಆಡಿಟರ್ ಮನಸ್ಸು ಒಪ್ಪಲಿಲ್ಲ. ಬಹಳ ಹೊತ್ತು ಯೋಚಿಸಿ, ಕೊನೆಗೆ 'ನಾಚಿಕೆಯಾಗಬೇಕು' ಎಂದು ಸೇರಿಸಿದರು.

ಮೂವತ್ತನೇ ದಿನಕ್ಕೆ ಉತ್ತರ ಬಂತು. ತಾವು ಕೋರಿರುವ ಮಾಹಿತಿ ಈ ಕಚೇರಿಗೆ ಸಂಬಂಧಿಸಿರುವುದಿಲ್ಲವಾದ್ದರಿಂದ ಅರ್ಜಿಯನ್ನು ಕಲಂ 6(3)ರಡಿ ವರ್ಗಾಯಿಸಲಾಗಿದೆ. ವರ್ಗಾವಣೆಗೆ ಕಾಯ್ದೆ ಕೊಟ್ಟಿರುವುದು ಐದೇ ದಿನ ಎಂದು ರಾಯರು ಕೆಂಪು ಗೆರೆ ಎಳೆದರು. ಮಾರನೆಯ ದಿನ ಕಾಫಿ ಹೊತ್ತಿಗೆ ಮೇಲ್ಮನವಿಯ ಕರಡು ನಮ್ಮ ಮನೆಯಲ್ಲಿತ್ತು. ಅದರಲ್ಲಿ ಕೆಂಪೇಗೌಡರು ವಾಪಸು ಬಂದಿದ್ದರು.

ಬೈದುಕೊಂಡೇ ಒಪ್ಪಬೇಕಾದ ಮಾತೂ ಇದೆ. 2025ರ ಏಪ್ರಿಲ್‌ನಿಂದ ಕಸಕ್ಕೆಂದು ಬೇರೆ ಶುಲ್ಕ ಬಂದಾಗ, ಆರುನೂರು ದಾಟಿ ಸಾವಿರ ಚದರಡಿ ಒಳಗಿದ್ದರೆ ತಿಂಗಳಿಗೆ 50, ಅಲ್ಲಿಂದ ಎರಡು ಸಾವಿರದವರೆಗೆ 100 ಎಂದು ಬೀದಿಗೆಲ್ಲ ಬಿಡಿಸಿ ಹೇಳಿದವರು ಅವರೇ. ಟೇಪು ಹಿಡಿದು ಮನೆಮನೆ ಅಳೆದೂ ಕೊಟ್ಟರು. ಅಳತೆ ಮುಗಿದ ಮೇಲೆ ಕೆಲವರು ಅವರೊಡನೆ ಮಾತು ಬಿಟ್ಟರು, ಅದು ಬೇರೆ. 2022ರ ಮಾರ್ಚ್ 31ರಂದು ಪಾಲಿಕೆಯ 10,480 ಕೋಟಿಯ ಬಜೆಟ್ಟು ಯಾವ ಸಭೆಯಲ್ಲೂ ಮಂಡನೆಯಾಗದೆ ನಡುರಾತ್ರಿ ಅಂತರ್ಜಾಲದಲ್ಲಿ ಕಾಣಿಸಿಕೊಂಡಿತಲ್ಲ, ಆ ಹೊತ್ತಿನಲ್ಲಿ ಅದನ್ನು ನೋಡುತ್ತಿದ್ದವರು ಇಬ್ಬರೇ ಇರಬೇಕು: ಅದನ್ನು ಹಾಕಿದವರು, ನಮ್ಮ ರಾಯರು. 2025-26ಕ್ಕೆ ಅದು 19,900 ಕೋಟಿ ದಾಟಿದಾಗ ರಾಯರು ಕೂಗಾಡಲಿಲ್ಲ. "ಬೇಡ ಅನ್ನೋದಕ್ಕೆ ಅಲ್ಲಿ ಒಂದು ಕೈಯೂ ಏಳಲಿಲ್ವಲ್ಲ ಮೇಷ್ಟ್ರೇ" ಎಂದಷ್ಟೇ ಹೇಳಿದರು.

ಕೈಗಳೇ ಇರಲಿಲ್ಲ, ಏಳುವುದೆಲ್ಲಿಂದ? 2015ರ ಆಗಸ್ಟ್‌ನಲ್ಲಿ 198 ವಾರ್ಡಿಗೆ ನಡೆದದ್ದೇ ಬಿಬಿಎಂಪಿಯ ಕೊನೆಯ ಚುನಾವಣೆ. 2020ರ ಸೆಪ್ಟೆಂಬರ್‌ಗೆ ಆ ಸದಸ್ಯರ ಅವಧಿ ಮುಗಿಯಿತು. ಅವಧಿ ಮುಗಿಯುವುದರೊಳಗೆ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಯು ವಿಧಿ ಹೇಳುತ್ತದೆ. ಹೇಳುತ್ತಲೇ ಇದೆ. ಐದು ವರ್ಷ ಅಧಿಕಾರಿಗಳ ಕೈಯಲ್ಲೇ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಯಿತು.

ಕಾರ್ಪೊರೇಟರ್ ಇದ್ದ ಕಾಲದಲ್ಲಿ ರಾಯರನ್ನು ನೋಡಬೇಕಿತ್ತು. ಬೆಳಿಗ್ಗೆ ಆರಕ್ಕೇ ಹಾಲಿನ ಬೂತಿನ ಮುಂದೆ ಕಾದು ನಿಲ್ಲುತ್ತಿದ್ದರು. ಆ ಮನುಷ್ಯ ಇವರನ್ನು ಕಂಡು ಕಾರು ಹಿಂದಕ್ಕೆ ತಿರುಗಿಸಿದ್ದೂ ಉಂಟು. ಆದರೆ ಬೆಳಿಗ್ಗೆ ಜಗಳವಾದರೆ ಸಂಜೆಗೆ ಬೀದಿದೀಪ ಹತ್ತುತ್ತಿತ್ತು. ಮುಂದಿನ ಚುನಾವಣೆಗೆ ಬೀದಿಯ ಓಟು ಬೇಕಲ್ಲ! ಈಗ ಅವರಿಬ್ಬರೂ ಮದುವೆಮನೆಗಳಲ್ಲಿ ಸಿಗುತ್ತಾರೆ. ಮೊನ್ನೆ ಒಂದೇ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಿದ್ದರು. "ನಿಮ್ಮ ಕಾಲದಲ್ಲಿ ಬೈಯೋದಕ್ಕಾದ್ರೂ ಒಂದು ಮುಖ ಇತ್ತು ಕಣ್ರೀ" ಎಂದು ರಾಯರು ಅವರ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು. ಮಾಜಿ ಕಾರ್ಪೊರೇಟರಿಗೆ ಸಂತೋಷವಾಯಿತೋ ಅವಮಾನವಾಯಿತೋ ತಿಳಿಯಲಿಲ್ಲ. ಹೋಳಿಗೆ ಮಾತ್ರ ತಿಂದರು.

ಇತ್ತೀಚೆಗೆ ರಾಯರ ಜಗಳವೆಲ್ಲ ನಮ್ಮ ಪಾಲಿಗೆ ಬಂದಿದೆ. ಕೇಳಿಸಿಕೊಳ್ಳಬೇಕಾದವರ ಕುರ್ಚಿ ಖಾಲಿಯಿದ್ದರೆ ಕೇಳುವವರು ನೆರೆಮನೆಯವರೇ. ನಿಮ್ಮ ಬೀದಿಯ ರಾಯರೂ ಇವತ್ತೋ ನಾಳೆಯೋ ಹಾಳೆ ಹಿಡಿದು ಬಂದಾರು. ಬಾಗಿಲು ತೆಗೆಯಿರಿ, ಕಾಫಿ ಕೊಡಿ, ಅವರು ಹೇಳುವ ಲೆಕ್ಕ ಕೇಳಿಸಿಕೊಳ್ಳಿ. ಅರ್ಜಿ ತಿದ್ದಿಕೊಡಲು ಮಾತ್ರ ಯಾವ ಕಾರಣಕ್ಕೂ ಒಪ್ಪಿಕೊಳ್ಳಬೇಡಿ.