ಟೊಮೆಟೊಕ್ಕೆ ಬದನೆಯ ಬೇರು: ಹಿತ್ತಲು ಮಾಡುವವರಿಗೊಂದು ಬಹಿರಂಗ ಪತ್ರ

ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ ಸೀಮೆಯಲ್ಲಿ ಹಿತ್ತಲು ಮಾಡುವ ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಶರಣು.

ಕಾಯಿ ಕಚ್ಚುವ ಹೊತ್ತಿಗೆ ನಿಮ್ಮ ಟೊಮೆಟೊ ಗಿಡ, ಎಲೆ ಹಸಿರಿದ್ದ ಹಾಗೆಯೇ ಸೊರಗಿ ಜೋತುಬಿದ್ದರೆ ಮತ್ತೆ ಮತ್ತೆ ನೀರು ಹಾಕಬೇಡಿ. ಬುಡದ ಹತ್ತಿರ ದಂಟು ಕೊಯ್ದು, ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡದಂತೆ ಇಳಿಬಿಡಿ. ಕೊಯ್ದ ಜಾಗದಿಂದ ಹಾಲಿನಂಥ ಎಳೆ ನೀರಿಗಿಳಿದರೆ ಅದು ದುಂಡಾಣು ಸೊರಗು ರೋಗ. ರಾಲ್ಸ್ಟೋನಿಯಾ ಎಂಬ ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೇರಿನಿಂದ ಒಳಹೊಕ್ಕು ನೀರೇರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಎಲೆಗೆ ಹೊಡೆದ ಎಣ್ಣೆ ಅದನ್ನು ಮುಟ್ಟುವುದಿಲ್ಲ.

ಹೊಲವಾದರೆ ಜೋಳ, ಗೋವಿನಜೋಳ ಹಾಕಿ ಬೆಳೆ ಬದಲಿಸಬಹುದು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವುದು ಒಂದೇ ಮಡಿಗೆ. ಅಲ್ಲಿ ಟೊಮೆಟೊ ತೆಗೆದರೆ ಮೆಣಸಿನಗಿಡ, ಅದು ಹೋದರೆ ಬದನೆ. ಮೂರೂ ಒಂದೇ ಕುಟುಂಬ, ಒಂದೇ ರೋಗಕ್ಕೆ ತುತ್ತು. ಮಣ್ಣು ಬದಲಿಸಲಾಗದವರು ಬೇರು ಬದಲಿಸಬೇಕು, ಅಂದರೆ ರೋಗ ತಡೆಯುವ ಬದನೆಯ ಬೇರಿಗೆ ಟೊಮೆಟೊ ಕಸಿ ಕಟ್ಟಬೇಕು. ನಾನು ಹೇಳಲು ಹೊರಟಿರುವುದು ಇಷ್ಟೇ.

ಆಪೂಸ್ ಮಾವಿನ ಕಸಿ ಕಂಡ ನಮ್ಮ ಧಾರವಾಡ ಜಿಲ್ಲೆಗೆ ಕಸಿಯ ಗುಣ ಹೇಳಬೇಕಿಲ್ಲ. ತರಕಾರಿಗೂ ಅದು ಒಗ್ಗುತ್ತದೆ: ಜಪಾನಿನ ರೈತರು 1920ರ ದಶಕದಲ್ಲೇ ಕಲ್ಲಂಗಡಿಯನ್ನು ಕುಂಬಳ ಜಾತಿಯ ಬೇರಿಗೆ ಕೂಡಿಸಿದರು. ನಮಗೆ ಬೇಕಾದ ಬೇರು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿದೆ. ಅರ್ಕಾ ಕೇಶವ್, ಅರ್ಕಾ ನಿಧಿ, ಅರ್ಕಾ ನೀಲಕಂಠ ಎಂಬ ಬದನೆ ತಳಿಗಳು ಸೊರಗು ರೋಗ ತಡೆಯುತ್ತವೆ. ಅದೇ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಕೂಡ ಈ ರೋಗ ತಡೆಯುತ್ತದೆ, ನಿಜ. ಆದರೆ ಸಾರಿಗೆ ಜವಾರಿ ಹಣ್ಣಿನ ಹುಳಿಯೇ ಬೇಕೆನ್ನುವವರಿಗೆ ಕಸಿಯೇ ದಾರಿ.

ನವಲಗುಂದ, ಅಣ್ಣಿಗೇರಿಯ ಎರಿ ನೆಲದವರಿಗೆ ಇದರಿಂದ ಇನ್ನೊಂದು ಲಾಭವಿದೆ. ಮಳೆ ಹಿಡಿದರೆ ಅಲ್ಲಿ ನೀರು ಇಂಗದೆ ಟೊಮೆಟೊ ಬೇರು ಉಸಿರುಗಟ್ಟುತ್ತದೆ. ಬದನೆಯ ಬೇರು ನಿಂತ ನೀರನ್ನು ಅದಕ್ಕಿಂತ ಚೆನ್ನಾಗಿ ತಾಳುತ್ತದೆ. ಮಳೆಗಾಲದ ಟೊಮೆಟೊಕ್ಕೆ ಬದನೆಯ ಬೇರು ಕೊಡಿ ಎಂದು ತೈವಾನಿನ ವಿಶ್ವ ತರಕಾರಿ ಕೇಂದ್ರ ಹೇಳುವುದೂ ಇದಕ್ಕೇ.

ಕೆಲಸ ನಾಜೂಕಿನದು, ಆದರೆ ಮನೆಯಲ್ಲೇ ಆಗುವಂಥದು. ಬದನೆ ನಿಧಾನವಾಗಿ ಬೆಳೆಯುವುದರಿಂದ ಅದರ ಬೀಜವನ್ನು ಕೆಲವು ದಿನ ಮೊದಲೇ ಹಾಕಿ. ಎರಡೂ ಅಗಿಗಳ ದಂಟು ಒಂದೇ ದಪ್ಪವಾದಾಗ, ಸುಮಾರು 2 ಮಿಲಿಮೀಟರ್ ಇರುವಾಗ, ಹೊಸ ಬ್ಲೇಡಿನಿಂದ ಎರಡನ್ನೂ ಒಂದೇ ಓರೆಯಲ್ಲಿ ಕೊಯ್ಯಿರಿ. ಬದನೆಯ ಬುಡದ ಮೇಲೆ ಟೊಮೆಟೊದ ತುದಿ ಕೂಡಿಸಿ ಕಸಿ ಕ್ಲಿಪ್ಪು ಹಾಕಿ. ನೀರು ಚಿಮುಕಿಸಿದ ಪ್ಲಾಸ್ಟಿಕ್ ಮುಚ್ಚಿಗೆಯೊಳಗೆ ವಾರದ ಮಟ್ಟಿಗೆ ನೆರಳಿನಲ್ಲಿಡಿ, ಆಮೇಲೆ ಮೆಲ್ಲಗೆ ಬಿಸಿಲಿಗೆ ರೂಢಿ ಮಾಡಿ. ಹಚ್ಚುವಾಗ ಕಸಿಯ ಗಂಟು ಮಣ್ಣಿನ ಮೇಲೇ ಇರಲಿ. ಹೂತರೆ ಟೊಮೆಟೊ ತನ್ನದೇ ಬೇರು ಬಿಟ್ಟು ರೋಗ ಮತ್ತೆ ಹತ್ತುತ್ತದೆ. ಗಂಟಿನ ಕೆಳಗೆ ಬದನೆ ಚಿಗುರಿದರೆ ಚಿವುಟಿ. ಬಿಳಿನೊಣ ತರುವ ಮುಟುರು ರೋಗಕ್ಕೆ ಮಾತ್ರ ಈ ಬೇರು ಮದ್ದಲ್ಲ.

ಬೇರಿಗೆಂದು ಹೇಳಿದ ಅರ್ಕಾ ಬದನೆಗಳು ಹೈಬ್ರಿಡ್ ಅಲ್ಲ. ಒಂದು ಗಿಡವನ್ನು ಬೇರೆ ಬದನೆಗಳಿಂದ ದೂರ ಬೆಳೆಸಿ, ಕಾಯಿಯನ್ನು ಹಳದಿಯಾಗುವವರೆಗೆ ಬಿಟ್ಟರೆ ಮುಂದಿನ ವರ್ಷದ ಬೀಜ ಮನೆಯದೇ.

ತೋಟಗಾರಿಕೆ ಇಲಾಖೆಯವರಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರಲ್ಲಿ ನನ್ನ ಕಳಕಳಿಯ ಬೇಡಿಕೆ: ಈ ಬದನೆ ಬೀಜದ ಸಣ್ಣ ಪೊಟ್ಟಣಗಳು ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಸಿಗಲಿ, ಕೃಷಿ ಮೇಳದಲ್ಲಿ ಸ್ತ್ರೀಶಕ್ತಿ ಸಂಘಗಳ ಹೆಣ್ಣುಮಕ್ಕಳ ಕೈಗೇ ಬ್ಲೇಡು ಕೊಟ್ಟು ಕಸಿ ಕಲಿಸಿ. ಹಿತ್ತಲಿನವರೇ, ನೀವೂ ಈ ಸಲ ಟೊಮೆಟೊಕ್ಕಿಂತ ಮೊದಲು ಒಂದು ಟ್ರೇ ಬದನೆ ಬಿತ್ತಿರಿ.

ಇಂತಿ,
ನಿಮ್ಮಂತೆಯೇ ಹಿತ್ತಲು ಮಾಡುವವನು